ಇಪ್ಪತ್ತನೆಯ ಶತಮಾನದ ಕಟ್ಟಡಗಳು ಹಾಗೂ ಉದ್ಯಾನಗಳ ಸಂರಕ್ಷಣೆ – ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಪರಂಪರೆ ಎಂದೊಡನೆ ಹಂಪೆ, ಬೇಲೂರು, ಬಾದಾಮಿ, ವಿಜಯಪುರದ ಗೋಳಗುಮ್ಮಟ ಮುಂತಾದ ಸ್ಮಾರಕಗಳು ನೆನಪಿಗೆ ಬರುವುದು ಸಹಜ. ಆದರೆ ಜನರು ನಿತ್ಯ ಬಳಸುವ ಶಾಲೆ, ಆಸ್ಪತ್ರೆ, ಪುರಭವನ, ಚಿತ್ರಮಂದಿರ, ಕಾರ್ಖಾನೆಯ ವಸತಿ ಬಡಾವಣೆ, ಸಾಲುಮರಗಳ ರಸ್ತೆ, ಬಡಾವಣೆಯ ಉದ್ಯಾನ ಹಾಗೂ ಹಿರಿಯರು ಕಟ್ಟಿಸಿದ ವಾಸದ ಮನೆಗಳಲ್ಲಿಯೂ ನಾಡಿನ ಚರಿತ್ರೆ ಅಡಗಿದೆ. ಇವುಗಳಲ್ಲಿ ಬಹುಪಾಲು 1900 ಮತ್ತು 2000ರ ನಡುವೆ ನಿರ್ಮಾಣವಾದವು.

ಲೆಕ್ಕಪತ್ರಗಳಲ್ಲಿ ಕಟ್ಟಡದ ಬೆಲೆಯು ಪ್ರತಿ ವರ್ಷ ಸವಕಳಿಯ ರೂಪದಲ್ಲಿ ಇಳಿಯುತ್ತ ಹೋಗಿ ಕೊನೆಗೆ ನಾಮಮಾತ್ರಕ್ಕೆ ಬಂದು ನಿಲ್ಲುತ್ತದೆ. ನಿವೇಶನದ ಬೆಲೆಯಾದರೋ ಏರುತ್ತಲೇ ಇರುತ್ತದೆ. ಈ ಕಾರಣದಿಂದ ಸುಮಾರು ನಲವತ್ತರಿಂದ ಎಂಬತ್ತು ವರ್ಷಗಳ ಪ್ರಾಯದ ಕಟ್ಟಡಗಳು ಅತ್ಯಂತ ಅಪಾಯಕಾರಿ ಘಟ್ಟದಲ್ಲಿರುತ್ತವೆ. ದುರಸ್ತಿ ಬೇಡುವಷ್ಟು ಹಳೆಯದಾಗಿದ್ದರೂ ಗೌರವ ಪಡೆಯುವಷ್ಟು ಪುರಾತನವಾಗಿರುವುದಿಲ್ಲ. ಈ ಘಟ್ಟವನ್ನು ದಾಟಿ ಉಳಿದುಬಂದ ಕಟ್ಟಡವನ್ನು ಮುಂದಿನ ತಲೆಮಾರು ಪರಂಪರೆಯೆಂದು ಮನ್ನಿಸುತ್ತದೆ. ದಾಟದೆ ಹೋದದ್ದು ಛಾಯಾಚಿತ್ರಗಳಲ್ಲಿ ಮಾತ್ರ ಉಳಿಯುತ್ತದೆ. ಈ ಅವಧಿಯಲ್ಲಿ ಕಟ್ಟಡದ ಭವಿಷ್ಯವನ್ನು ನಿರ್ಧರಿಸುವವರು ಬಹುತೇಕ ಅದರ ಮಾಲೀಕರೇ ಆಗಿರುತ್ತಾರೆ. ಕಟ್ಟಡ ಮಾರ್ಪಾಡು, ಪುನರ್ನಿರ್ಮಾಣ ಅಥವಾ ಮರ ಕಡಿಯುವ ಅನುಮತಿಗಾಗಿ ಅರ್ಜಿ ಸಲ್ಲಿಸುವ ಮುನ್ನ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ರಾಜ್ಯದಲ್ಲಿ ಇಪ್ಪತ್ತನೆಯ ಶತಮಾನದ ನಿರ್ಮಾಣಗಳು

ಅ) ಬಡಾವಣೆಗಳು: 1898ರಲ್ಲಿ ಬೆಂಗಳೂರಿನಲ್ಲಿ ಹರಡಿದ ಪ್ಲೇಗ್ ಪಿಡುಗು ನಗರ ರಚನೆಯ ಕ್ರಮವನ್ನೇ ಬದಲಿಸಿತು. ಗಾಳಿ ಬೆಳಕಿಗೆ ಅವಕಾಶವಿರುವ ನಿವೇಶನಗಳು, ನೇರವಾದ ರಸ್ತೆಗಳು ಮತ್ತು ಮನೆಗಳ ಹಿಂಬದಿಯ ನೈರ್ಮಲ್ಯ ಓಣಿಗಳನ್ನು ಒಳಗೊಂಡ ಬಸವನಗುಡಿ ಹಾಗೂ ಮಲ್ಲೇಶ್ವರಂ ಬಡಾವಣೆಗಳು ಈ ಕಾಲದಲ್ಲಿ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯು ಸ್ಥಾಪನೆಯಾಯಿತು. ಸ್ವಾತಂತ್ರ್ಯಾನಂತರ 1948ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಹಾಕಲಾಯಿತು.

ಆ) ಅರಮನೆಗಳು ಮತ್ತು ಸಾರ್ವಜನಿಕ ಕಟ್ಟಡಗಳು: ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ನಂತರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ನಿರ್ಮಿಸಿದ ಈಗಿನ ಅರಮನೆಯು 1912ರಲ್ಲಿ ಪೂರ್ಣಗೊಂಡಿತು. ಬೆಂಗಳೂರಿನ ಸರ್ ಪುಟ್ಟಣ್ಣಚೆಟ್ಟಿ ಪುರಭವನವು 1935ರಲ್ಲಿ ಸಿದ್ಧವಾಯಿತು. ಬಿ.ಆರ್. ಮಾಣಿಕ್ಯಂ ಅವರು ಮುಖ್ಯ ವಾಸ್ತುಶಿಲ್ಪಿಯಾಗಿದ್ದ ವಿಧಾನಸೌಧಕ್ಕೆ 1951ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಅವರು ಶಂಕುಸ್ಥಾಪನೆ ನೆರವೇರಿಸಿದರು. ಕೆಂಗಲ್ ಹನುಮಂತಯ್ಯನವರ ಆಡಳಿತಾವಧಿಯಲ್ಲಿ ಇಂದಿನ ಭವ್ಯ ರೂಪವನ್ನು ತಳೆದ ಈ ಸೌಧವು 1956ರಲ್ಲಿ ಪೂರ್ಣಗೊಂಡಿತು. ನಾಡಿನ ಹೆಮ್ಮೆಯಾದ ವಿಧಾನಸೌಧವೂ ನೂರು ವರ್ಷ ತುಂಬದ ಕಟ್ಟಡವೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಇ) ಆಧುನಿಕ ಶೈಲಿಯ ಕಟ್ಟಡಗಳು: ಜರ್ಮನಿಯಿಂದ ಬಂದ ಆಟೊ ಕೋನಿಗ್ಸ್‌ಬರ್ಗರ್ ಅವರು 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಸೇವೆ ಸಲ್ಲಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳು ಅವರ ವಿನ್ಯಾಸದವು. ಅಲಂಕಾರವನ್ನು ಬದಿಗಿರಿಸಿ ಬಿಸಿಲಿನ ದಿಕ್ಕು, ಗಾಳಿಯ ಸಂಚಾರ ಮತ್ತು ಮಳೆಯ ರಭಸವನ್ನು ಆಧರಿಸಿ ಕಟ್ಟಡವನ್ನು ರೂಪಿಸುವುದು ಅವರ ಕ್ರಮವಾಗಿತ್ತು. ನಂತರದ ವರ್ಷಗಳಲ್ಲಿ ಭುವನೇಶ್ವರ ನಗರದ ಯೋಜನೆಯನ್ನು ರೂಪಿಸಿದವರೂ ಅವರೇ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವು ಬಿ.ವಿ. ದೋಶಿ ಅವರ ಕೃತಿ. ಒರಟು ಕಲ್ಲಿನ ಗೋಡೆ, ಎತ್ತರದ ಮೊಗಸಾಲೆ, ಅಂಗಳ, ಬಳ್ಳಿ ಹಬ್ಬಿದ ಚಪ್ಪರದಂತಹ ಮೇಲ್ಕಟ್ಟುಗಳ ಮೂಲಕ ಕಟ್ಟಡ ಮತ್ತು ಹಸಿರನ್ನು ಇಲ್ಲಿ ಒಂದುಗೂಡಿಸಲಾಗಿದೆ. ದೋಶಿ ಅವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಸಂದಿತು. ಈ ಪ್ರಶಸ್ತಿಗೆ ಪಾತ್ರರಾದ ಮೊದಲ ಭಾರತೀಯರು ಅವರು.

ಈ) ಉದ್ಯಾನಗಳು ಮತ್ತು ಸಾಲುಮರಗಳು: 1908ರಲ್ಲಿ ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡ ಜಿ.ಎಚ್. ಕ್ರುಂಬಿಗಲ್ ಅವರು 1932ರವರೆಗೆ ಸೇವೆಯಲ್ಲಿದ್ದು, ತೋಟಗಾರಿಕೆಯನ್ನು ನಗರ ರಚನೆಯ ಅಂಗವನ್ನಾಗಿಸಿದರು. ಒಂದು ಜಾತಿಯ ಮರದ ಹೂವು ಮುಗಿಯುವ ವೇಳೆಗೆ ಮತ್ತೊಂದು ಜಾತಿಯ ಮರ ಹೂಬಿಡುವಂತೆ ರಸ್ತೆಗಳಲ್ಲಿ ಮರಗಳನ್ನು ಆಯ್ದು ನೆಡುವ ಪದ್ಧತಿಯು ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಬದಿಯಲ್ಲಿ 1927ರಿಂದ 1932ರ ಅವಧಿಯಲ್ಲಿ ಬೃಂದಾವನ ಉದ್ಯಾನವು ರೂಪುಗೊಂಡಿತು. ಕಾಶ್ಮೀರದ ಶಾಲಿಮಾರ್ ಉದ್ಯಾನದ ಮಾದರಿಯಿಂದ ಪ್ರೇರಿತವಾದ ಈ ತೋಟದಲ್ಲಿ ಹಂತಹಂತವಾಗಿ ಇಳಿಯುವ ಅಂಗಳಗಳು, ನೀರಿನ ಕಾಲುವೆಗಳು ಮತ್ತು ಕಾರಂಜಿಗಳು ಒಂದೇ ವಿನ್ಯಾಸದ ಭಾಗಗಳಾಗಿವೆ.

3. ವಯಸ್ಸಿನ ಮಾನದಂಡ ಮತ್ತು ಅದರ ಮಿತಿ

ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಮತ್ತು ರಾಜ್ಯದ 1961ರ ಅಧಿನಿಯಮಗಳ ಪ್ರಕಾರ ಸ್ಮಾರಕವೆಂದು ಪರಿಗಣಿಸಲ್ಪಡಲು ನಿರ್ಮಾಣವು ಕನಿಷ್ಠ ನೂರು ವರ್ಷಗಳಿಂದ ಅಸ್ತಿತ್ವದಲ್ಲಿರಬೇಕು. ಪುರಾತನ ದೇವಾಲಯ, ಕೋಟೆ ಕೊತ್ತಲಗಳ ರಕ್ಷಣೆಗೆ ಈ ಮಾನದಂಡವು ಸೂಕ್ತವಾಗಿದೆ. ಆದರೆ ಇಪ್ಪತ್ತನೆಯ ಶತಮಾನದ ಬಹುಪಾಲು ಕಟ್ಟಡಗಳು ಇದರ ವ್ಯಾಪ್ತಿಗೆ ಇನ್ನೂ ಬಂದಿಲ್ಲ.

ವಯಸ್ಸೊಂದನ್ನೇ ಅಳತೆಗೋಲಾಗಿಸಿಕೊಂಡರೆ ಏನಾಗಬಹುದೆಂಬುದಕ್ಕೆ ನವದೆಹಲಿಯ ಪ್ರಗತಿ ಮೈದಾನದಲ್ಲಿದ್ದ ಹಾಲ್ ಆಫ್ ನೇಷನ್ಸ್ ಕಟ್ಟಡವು ನಿದರ್ಶನ. ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ರಚನಾ ಎಂಜಿನಿಯರ್ ಮಹೇಂದ್ರ ರಾಜ್ ಅವರು ರೂಪಿಸಿದ ಈ ಪ್ರದರ್ಶನ ಮಂದಿರವು 1972ರಲ್ಲಿ ಸಿದ್ಧವಾಯಿತು. ವಿಶಾಲವಾದ ಚಾವಣಿಯ ಜಾಲರಿಯನ್ನು ಉಕ್ಕಿನಿಂದ ಮಾಡುವುದು ಅಂದಿನ ಪರಿಸ್ಥಿತಿಯಲ್ಲಿ ದುಬಾರಿಯಾಗಿದ್ದುದರಿಂದ, ಅದನ್ನು ಸ್ಥಳದಲ್ಲಿಯೇ ಕಾರ್ಮಿಕರ ಕೈಯಿಂದ ಕಾಂಕ್ರೀಟಿನಲ್ಲಿ ಎರಕ ಹೊಯ್ದು ನಿರ್ಮಿಸಲಾಗಿತ್ತು. ಲಭ್ಯ ಸಾಮಗ್ರಿ ಮತ್ತು ಲಭ್ಯ ಶ್ರಮದಿಂದ ಹೊಸ ದೇಶವೊಂದು ಏನನ್ನು ಸಾಧಿಸಬಹುದೆಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಅದನ್ನು ಉಳಿಸಬೇಕೆಂಬ ಮನವಿಗಳು ಬಂದಾಗ, ಅರವತ್ತು ವರ್ಷ ಪೂರೈಸಿದ ಕಟ್ಟಡಗಳನ್ನು ಮಾತ್ರ ಪರಂಪರೆಯ ಪಟ್ಟಿಗೆ ಪರಿಗಣಿಸಲಾಗುವುದೆಂಬ ನಿಲುವನ್ನು ದೆಹಲಿಯ ಸಂಬಂಧಿತ ಸಮಿತಿಯು ತಳೆಯಿತು. 2017ರ ಏಪ್ರಿಲ್‌ನಲ್ಲಿ ಕಟ್ಟಡವನ್ನು ನೆಲಸಮ ಮಾಡಲಾಯಿತು. ಆಗ ಅದಕ್ಕೆ ನಲವತ್ತೈದು ವರ್ಷ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಗಳೂ ದೇಶದಲ್ಲಿವೆ. ಲ ಕಾರ್ಬೂಸಿಯೆ ವಿನ್ಯಾಸಗೊಳಿಸಿದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮುಂಬಯಿಯ ಓವಲ್ ಮೈದಾನದ ಸುತ್ತಲಿನ ಕಟ್ಟಡ ಸಮೂಹವು 2018ರಲ್ಲಿ ಅದೇ ಗೌರವವನ್ನು ಪಡೆಯಿತು. ಮೈದಾನದ ಒಂದು ಬದಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಭವ್ಯ ಸಾರ್ವಜನಿಕ ಕಟ್ಟಡಗಳಿದ್ದರೆ, ಮತ್ತೊಂದು ಬದಿಯಲ್ಲಿ 1930ರ ದಶಕದಿಂದೀಚೆಗೆ ಕಟ್ಟಿದ ಆರ್ಟ್ ಡೆಕೊ ಶೈಲಿಯ ವಸತಿ ಕಟ್ಟಡಗಳಿವೆ. ಅವುಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಈ ಮಾನ್ಯತೆಯ ಹಿಂದೆ ಅಲ್ಲಿನ ನಾಗರಿಕ ಸಂಘಟನೆಗಳ ದೀರ್ಘಕಾಲದ ಶ್ರಮವಿದೆ.

ರಾಜ್ಯದ ಮಟ್ಟಿಗೆ ಸಾರ್ವಜನಿಕರು ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರಲ್ಲಿ ಪಾರಂಪರಿಕ ಕಟ್ಟಡದ ವ್ಯಾಖ್ಯೆಯು ವಯಸ್ಸನ್ನು ಆಧರಿಸಿಲ್ಲ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳದ್ದಾಗಿದ್ದು, ಯೋಜನಾ ಪ್ರಾಧಿಕಾರ ಅಥವಾ ಇತರ ಸಕ್ಷಮ ಪ್ರಾಧಿಕಾರವು ಘೋಷಿಸಿದ ಕಟ್ಟಡವು ಪಾರಂಪರಿಕ ಕಟ್ಟಡವೆನಿಸುತ್ತದೆ. ಆದುದರಿಂದ “ಇದು ಅಷ್ಟೇನೂ ಹಳೆಯದಲ್ಲ” ಎಂಬ ಒಂದೇ ಕಾರಣಕ್ಕೆ ಕಟ್ಟಡವನ್ನು ಅಲಕ್ಷಿಸುವುದು ಸರಿಯಲ್ಲ.

4. ಮಹತ್ವವನ್ನು ಅರಿಯುವ ಬಗೆ

ಹಳೆಯದೆಲ್ಲವನ್ನೂ ಉಳಿಸುವುದು ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ಕಟ್ಟಡ ಅಥವಾ ಉದ್ಯಾನದ ಮಹತ್ವವನ್ನು ಅರಿಯಲು ಈ ಕೆಳಕಂಡ ಪ್ರಶ್ನೆಗಳು ನೆರವಾಗುತ್ತವೆ:

(1) ಯಾರು, ಯಾವಾಗ, ಯಾವ ಉದ್ದೇಶಕ್ಕಾಗಿ ನಿರ್ಮಿಸಿದರು? ಆ ಕಾಲದ ಯಾವುದಾದರೂ ಹೊಸ ಪ್ರಯತ್ನ ಅದರಲ್ಲಿದೆಯೇ?
(2) ಮೂಲ ವಿನ್ಯಾಸ, ಸಾಮಗ್ರಿ ಮತ್ತು ಕುಶಲ ಕೆಲಸಗಳು ಎಷ್ಟರಮಟ್ಟಿಗೆ ಉಳಿದಿವೆ?
(3) ಊರಿನ ಸಾರ್ವಜನಿಕ ಬದುಕಿನಲ್ಲಿ ಅದರ ಪಾತ್ರವೇನು?
(4) ಒಂಟಿಯಾಗಿ ಸಾಧಾರಣವೆನಿಸಿದರೂ ಬೀದಿಯ ಸಾಲಿನಲ್ಲಿ ಅದಕ್ಕೆ ಸ್ಥಾನವಿದೆಯೇ?
(5) ಅಂಗಳ, ಆವರಣ ಗೋಡೆ, ಗೇಟು, ಬಾವಿ, ಮರಗಳು ಕಟ್ಟಡದೊಂದಿಗೆ ಹೊಂದಿಕೊಂಡಿವೆಯೇ?

ನಾಲ್ಕನೆಯ ಪ್ರಶ್ನೆಯು ವಿಶೇಷವಾಗಿ ಮುಖ್ಯವಾದುದು. ಹಳೆಯ ಬಡಾವಣೆಗಳಲ್ಲಿ ಒಂದೇ ಎತ್ತರದ ಮನೆಗಳು, ಮುಂಭಾಗದ ಕೈತೋಟ, ಮಂಗಳೂರು ಹೆಂಚಿನ ಇಳಿಜಾರು ಮಾಡು, ಮರದ ಪಟ್ಟಿಗಳ ಮಂಕಿ ಟಾಪ್ ಕಿಟಕಿಗಳು ಒಟ್ಟಾಗಿ ಬೀದಿಗೆ ಒಂದು ಮುಖವನ್ನು ನೀಡುತ್ತವೆ. ಸಾಲಿನ ನಡುವಿನ ಒಂದು ಮನೆ ಇಲ್ಲವಾದರೆ ಉಳಿದವುಗಳ ಅಂದವೂ ಕುಂದುತ್ತದೆ.

5. ದುರಸ್ತಿ ಕೈಗೊಳ್ಳುವ ಮುನ್ನ

ಕಟ್ಟಡಗಳಿಗೆ ಆಗುವ ಹಾನಿಯಲ್ಲಿ ಅಲಕ್ಷ್ಯದಿಂದಾಗುವುದು ಒಂದು ಭಾಗವಾದರೆ, ಸದುದ್ದೇಶದಿಂದ ಮಾಡಿದ ತಪ್ಪು ದುರಸ್ತಿಯಿಂದಾಗುವುದು ಇನ್ನೊಂದು ಭಾಗ. ಆದ್ದರಿಂದ ಗೋಡೆ, ಚಾವಣಿ ಮತ್ತು ನೆಲವು ಯಾವ ಸಾಮಗ್ರಿಯಿಂದ ಆಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಸುಣ್ಣದ ಗಾರೆಯ ಗೋಡೆಗಳು: ಸುಣ್ಣದ ಗಾರೆಯು ಹೀರಿಕೊಂಡ ತೇವವನ್ನು ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ತೇವವು ಒಳಗೇ ಉಳಿದು, ಇಟ್ಟಿಗೆ ಪುಡಿಯಾಗಿ, ಉಪ್ಪು ಹೊರಹೊಮ್ಮಿ, ಕೆಲವು ವರ್ಷಗಳಲ್ಲಿ ಹೊಸ ಗಿಲಾವೇ ಕಳಚಿ ಬೀಳುತ್ತದೆ. ಸುಣ್ಣದ ಗೋಡೆಗೆ ಸುಣ್ಣದ ದುರಸ್ತಿಯೇ ತಕ್ಕುದು.

ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಬಂಧಿಸಿದ ಚಾವಣಿ ಇದಾಗಿದೆ. ಇದರ ಮೇಲೆ ನೀರಿನ ತೊಟ್ಟಿ ಅಥವಾ ಹೊಸ ಕೊಠಡಿಯ ಭಾರವನ್ನು ಹೇರಬಾರದು. ಮಳೆಗಾಲಕ್ಕೆ ಮುನ್ನ ನೀರು ಹರಿಯುವ ಬಾಯಿಗಳನ್ನು ಸ್ವಚ್ಛಗೊಳಿಸುವುದು ಮತ್ತು ಬಿರುಕಿನಲ್ಲಿ ಚಿಗುರುವ ಅರಳಿ, ಆಲದ ಸಸಿಗಳನ್ನು ಎಳೆಯದಿದ್ದಾಗಲೇ ತೆಗೆಯುವುದು ಅತ್ಯಂತ ಕಡಿಮೆ ಖರ್ಚಿನ ಸಂರಕ್ಷಣೆ.

ಕಾಂಕ್ರೀಟ್: ಕಾಂಕ್ರೀಟಿಗೆ ಸಾವಿಲ್ಲವೆಂಬ ನಂಬಿಕೆ ಸರಿಯಲ್ಲ. ಹೊಸ ಕಾಂಕ್ರೀಟಿನ ಕ್ಷಾರಗುಣವು ಒಳಗಿನ ಕಬ್ಬಿಣದ ಸರಳುಗಳನ್ನು ತುಕ್ಕಿನಿಂದ ಕಾಪಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ದಶಕಗಳ ಕಾಲ ಒಳಹೊಕ್ಕಂತೆ ಈ ಗುಣವು ಕುಗ್ಗುತ್ತದೆ. ಆಗ ತೇವ ತಗುಲಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಬಿರಿದು ಹಕ್ಕಳೆಯಾಗಿ ಬೀಳುತ್ತದೆ. ಬಿರುಕಿನ ಮೇಲೆ ಬಣ್ಣ ಬಳಿಯುವುದರಿಂದ ಪ್ರಯೋಜನವಿಲ್ಲ. ಮೊದಲು ನೀರಿನ ಸೋರಿಕೆಯನ್ನು ನಿಲ್ಲಿಸಿ, ಸಡಿಲವಾದ ಭಾಗವನ್ನು ತೆಗೆದು, ಸರಳಿನ ತುಕ್ಕನ್ನು ನಿವಾರಿಸಿ, ಮೂಲ ಮೇಲ್ಮೈಯ ಬಣ್ಣ ಮತ್ತು ಒರಟುತನಕ್ಕೆ ಹೊಂದುವ ಮಿಶ್ರಣದಿಂದ ತುಂಬಬೇಕು. ಸಕಾಲದಲ್ಲಿ ಮಾಡಿದರೆ ಇದು ಅಲ್ಪ ವೆಚ್ಚದ ಕೆಲಸ. ತಡವಾದಲ್ಲಿ ಇದೇ ದೋಷವು ಕಟ್ಟಡವನ್ನು ಕೆಡವಲು ಕಾರಣವೆಂದು ದಾಖಲಾಗುತ್ತದೆ.

ಕಲ್ಲು ಮತ್ತು ನೆಲ: ಕಲ್ಲಿನ ಗೋಡೆಗಳಿಗೆ ಎಣ್ಣೆ ಬಣ್ಣ ಬಳಿಯಬಾರದು. ಕೆಂಪು ರೆಡ್ ಆಕ್ಸೈಡ್ ನೆಲಗಳು ಸೂಕ್ಷ್ಮವಾಗಿ ಬಿರುಕು ಬಿಡುವುದು ಸಹಜವಾಗಿದ್ದು, ಅದೊಂದೇ ಕಾರಣಕ್ಕೆ ಅವುಗಳ ಮೇಲೆ ಟೈಲ್ಸ್ ಹಾಸುವ ಅಗತ್ಯವಿಲ್ಲ. ತೇಗದ ಕಿಟಕಿ ಚೌಕಟ್ಟಿನ ಕೆಳತುದಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ತುಂಡನ್ನು ಕೂಡಿಸಬಹುದು.

6. ಉದ್ಯಾನಗಳು: ಬೆಳೆಯುವ ಸ್ಮಾರಕಗಳು

ಐತಿಹಾಸಿಕ ಉದ್ಯಾನಗಳನ್ನು ಕುರಿತ 1981ರ ಫ್ಲಾರೆನ್ಸ್ ಸನ್ನದಿನಲ್ಲಿ ಉದ್ಯಾನವನ್ನು ಜೀವಂತ ಸ್ಮಾರಕವೆಂದು ಪರಿಗಣಿಸಲಾಗಿದೆ. ಕಲ್ಲಿನ ಕಟ್ಟಡವನ್ನು ಇದ್ದಂತೆ ಉಳಿಸಬಹುದು. ಉದ್ಯಾನದಲ್ಲಿ ಗಿಡಮರಗಳು ಹುಟ್ಟಿ, ಬೆಳೆದು, ಸಾಯುತ್ತವೆ. ಆದುದರಿಂದ ಇಲ್ಲಿ ಸಂರಕ್ಷಣೆ ಎಂದರೆ ವಿನ್ಯಾಸವನ್ನು ಉಳಿಸಿಕೊಂಡು ಸಸ್ಯಗಳನ್ನು ಕಾಲಕಾಲಕ್ಕೆ ನವೀಕರಿಸುವುದು.

ಸತ್ತ ಮರದ ಜಾಗದಲ್ಲಿ ಅದೇ ಜಾತಿಯ ಸಸಿಯನ್ನು ನೆಡುವುದು ಇದರ ಮೊದಲ ನಿಯಮ. ವರ್ಷಾರಂಭದ ತಿಂಗಳುಗಳಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಅದರ ಹಿಂದೆ ನೀಲಿ ಜಕರಂಡ, ಬೇಸಿಗೆಯಲ್ಲಿ ಕೆಂಪು ಗುಲ್‌ಮೊಹರ್ ಹೀಗೆ ಸರದಿಯಂತೆ ಅರಳುವ ರಸ್ತೆಯಲ್ಲಿ ಒಂದು ಜಾತಿಯ ಮರಗಳು ಕಣ್ಮರೆಯಾದರೆ ಆ ತಿಂಗಳ ಹೂವೇ ಊರಿನಿಂದ ಕಣ್ಮರೆಯಾದಂತೆ. ಮರದ ಬುಡದವರೆಗೆ ಸಿಮೆಂಟ್ ಹಾಕುವುದರಿಂದ ಬೇರಿಗೆ ನೀರು ಮತ್ತು ಗಾಳಿ ದೊರೆಯದೆ ಮರವು ದುರ್ಬಲವಾಗುತ್ತದೆ. ಉದ್ಯಾನದೊಳಗೆ ಕಟ್ಟೆ, ಮಳಿಗೆ, ವಾಹನ ನಿಲುಗಡೆ, ಪ್ರತಿಮೆಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಲ್ಲಿ ದೂರದವರೆಗೆ ಹರಿಯುವ ನೋಟವು ತುಂಡಾಗುತ್ತದೆ. ತೆರೆದ ಜಾಗವು ಖಾಲಿ ಜಾಗವಲ್ಲ, ವಿನ್ಯಾಸಕಾರನು ಉದ್ದೇಶಪೂರ್ವಕವಾಗಿ ಬಿಟ್ಟ ಜಾಗವೆಂಬುದನ್ನು ನೆನಪಿಡಬೇಕು.

7. ಅರ್ಜಿದಾರರ ಗಮನಕ್ಕೆ

(1) ಕಟ್ಟಡದ ಪುನರ್ನಿರ್ಮಾಣ ಅಥವಾ ಮಾರ್ಪಾಡಿಗೆ ಅರ್ಜಿ ಸಲ್ಲಿಸುವ ಮುನ್ನ, ಸದರಿ ಸ್ವತ್ತು ಘೋಷಿತ ಪಾರಂಪರಿಕ ಕಟ್ಟಡವೇ ಅಥವಾ ಪಾರಂಪರಿಕ ಪ್ರದೇಶದ ವ್ಯಾಪ್ತಿಯಲ್ಲಿದೆಯೇ ಎಂಬುದನ್ನು ಸಂಬಂಧಿತ ಯೋಜನಾ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸುವುದು ಸೂಕ್ತ.
(2) ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ ಹಾಗೂ ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ಈ ವ್ಯಾಪ್ತಿಯಲ್ಲಿರುವ ಸ್ವತ್ತುಗಳಿಗೆ ಪ್ರತ್ಯೇಕ ನಿಯಮಗಳು ಅನ್ವಯಿಸುತ್ತವೆ.
(3) ಮರ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಸ್ವಂತ ನಿವೇಶನದ ಮರಗಳಿಗೂ ಈ ಅಧಿನಿಯಮವು ಅನ್ವಯಿಸುತ್ತದೆ.
(4) ಕಬ್ಬನ್ ಪಾರ್ಕ್, ಲಾಲ್‌ಬಾಗ್‌ನಂತಹ ಸರ್ಕಾರಿ ಉದ್ಯಾನಗಳ ಜಮೀನನ್ನು ಪರಭಾರೆ ಮಾಡುವುದನ್ನು ನಿರ್ಬಂಧಿಸಲು 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮವು ಜಾರಿಯಲ್ಲಿದೆ. ಬಡಾವಣೆಗಳ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗಾಗಿ 1985ರ ಪ್ರತ್ಯೇಕ ಅಧಿನಿಯಮವಿದೆ.
(5) ಹಳೆಯ ಮಂಜೂರಾತಿ ನಕ್ಷೆ, ಖಾತೆ, ಕ್ರಯಪತ್ರ, ಗುತ್ತಿಗೆದಾರರ ಲೆಕ್ಕಪುಸ್ತಕ, ಗೃಹಪ್ರವೇಶದ ಛಾಯಾಚಿತ್ರ ಮುಂತಾದವನ್ನು ಜೋಪಾನವಾಗಿ ಇಡಬೇಕು. ಕಟ್ಟಡದ ಕಾಲ ಮತ್ತು ಮೂಲ ರೂಪವನ್ನು ನಿರ್ಧರಿಸಲು ಇವೇ ಆಧಾರ.
(6) ಕೆಡವುವುದು ಅನಿವಾರ್ಯವಾದಲ್ಲಿ ಅದಕ್ಕೂ ಮುನ್ನ ಎಲ್ಲ ಭಾಗಗಳ ಛಾಯಾಚಿತ್ರ ಮತ್ತು ಅಳತೆ ನಕ್ಷೆಯನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಬಾಗಿಲು, ಕಂಬ, ಹೆಂಚುಗಳನ್ನು ಮರುಬಳಕೆಗೆ ಉಳಿಸಬಹುದು.

8. ಸಾರ್ವಜನಿಕರ ಸಾಮಾನ್ಯ ಸಂದೇಹಗಳು

ಪ್ರಶ್ನೆ: ಪಾರಂಪರಿಕ ಕಟ್ಟಡವೆಂದು ಘೋಷಿಸಿದರೆ ಮನೆಯು ಸರ್ಕಾರದ ವಶವಾಗುವುದೇ?
ಉತ್ತರ: ಇಲ್ಲ. ಘೋಷಣೆಯಿಂದ ಮಾಲೀಕತ್ವ ಬದಲಾಗುವುದಿಲ್ಲ. ಮಾರ್ಪಾಡುಗಳಿಗೆ ಪೂರ್ವಾನುಮತಿ ಪಡೆಯಬೇಕಾಗುತ್ತದೆ.

ಪ್ರಶ್ನೆ: ಹಳೆಯ ಮನೆಯಲ್ಲಿ ಆಧುನಿಕ ಅನುಕೂಲಗಳನ್ನು ಮಾಡಿಕೊಳ್ಳಬಹುದೇ?
ಉತ್ತರ: ಮಾಡಿಕೊಳ್ಳಬಹುದು. ಸ್ನಾನಗೃಹ, ಅಡುಗೆಮನೆ, ವಿದ್ಯುತ್ ವ್ಯವಸ್ಥೆಗಳ ಸುಧಾರಣೆಯನ್ನು ಕಟ್ಟಡದ ಹೆಚ್ಚು ಮಹತ್ವವಿಲ್ಲದ ಭಾಗದಲ್ಲಿ, ಮುಂದೆ ಬೇಕಾದರೆ ತೆಗೆಯಲು ಬರುವಂತೆ ಯೋಜಿಸಬೇಕು.

ಪ್ರಶ್ನೆ: ಮೂಲ ಉದ್ದೇಶಕ್ಕೆ ಬಳಸಲಾಗದ ಕಟ್ಟಡವನ್ನು ಏನು ಮಾಡುವುದು?
ಉತ್ತರ: ಹೊಸ ಬಳಕೆಗೆ ಅಳವಡಿಸಿಕೊಳ್ಳಬಹುದು. ಮೈಸೂರಿನ ಲಲಿತಮಹಲ್ ಅರಮನೆಯು 1974ರಲ್ಲಿ ಹೋಟೆಲ್ ಆಯಿತು. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯು ಆರಂಭವಾಯಿತು. ಹೆಚ್ಚಿನ ಸ್ಥಳಾವಕಾಶಕ್ಕಾಗಿ ಅಲ್ಲಿ ಹಳೆಯ ಮನೆಯನ್ನು ಉಳಿಸಿಕೊಂಡೇ ಹೊಸ ಭಾಗವನ್ನು ಸೇರಿಸಲಾಗಿದೆ.

ಪ್ರಶ್ನೆ: ಕಟ್ಟಡವು ಶಿಥಿಲವಾಗಿದೆಯೆಂದು ಗುತ್ತಿಗೆದಾರರು ಹೇಳಿದರೆ ಸಾಕೇ?
ಉತ್ತರ: ಸಾಲದು. ಹಳೆಯ ಸಾಮಗ್ರಿಗಳ ಅನುಭವವಿರುವ ರಚನಾ ಎಂಜಿನಿಯರ್ ಅವರಿಂದ ಪರಿಶೀಲನೆ ಮಾಡಿಸಬೇಕು. ಶಿಥಿಲವಾಗಿರುವುದು ಒಂದು ತೊಲೆ ಮಾತ್ರವೋ ಇಡೀ ಕಟ್ಟಡವೋ ಎಂಬುದು ಅವರ ವರದಿಯಿಂದ ತಿಳಿಯುತ್ತದೆ. ಜೀವಕ್ಕೆ ಅಪಾಯವಿರುವಲ್ಲಿ ಆಸರೆ ಕಂಬಗಳನ್ನು ನಿಲ್ಲಿಸಿ, ವಾಸಿಗಳನ್ನು ಕೂಡಲೇ ತೆರವುಗೊಳಿಸಬೇಕು.

9. ಉಪಸಂಹಾರ

ಕಟ್ಟಡ ಮಾರ್ಪಾಡಿನ ಅರ್ಜಿ ನಮೂನೆಯಲ್ಲಿ ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಮಹಡಿಗಳ ಸಂಖ್ಯೆಗಳನ್ನು ನಮೂದಿಸಲು ಅಂಕಣಗಳಿರುತ್ತವೆ. ಮಾಡಿನ ಹೆಂಚನ್ನು ಹೊದಿಸಿದವರ ಕೈಚಳಕ, ಅಂಗಳದ ಮಾವಿನ ಮರದ ನೆರಳು ಮತ್ತು ಆ ಬೀದಿಯನ್ನು ಗುರುತಿಸಲು ಊರಿನವರು ಹೇಳುವ ಮನೆಯ ಹೆಸರು ಇವುಗಳಿಗೆ ಅಂಕಣವಿರುವುದಿಲ್ಲ. ಅವುಗಳ ಲೆಕ್ಕವನ್ನು ಅರ್ಜಿದಾರರೇ ಇಡಬೇಕಾಗುತ್ತದೆ. ಕೆಡವಲು ಕೆಲವು ದಿನಗಳು ಸಾಕು, ಕೆಡವಿದ್ದನ್ನು ಮರಳಿ ಪಡೆಯಲು ಯಾವ ಅರ್ಜಿಯೂ ಇಲ್ಲ. ಆದುದರಿಂದ ಸಾರ್ವಜನಿಕರು ತಮ್ಮ ಸ್ವಾಧೀನದಲ್ಲಿರುವ ಹಾಗೂ ತಮ್ಮ ಸುತ್ತಮುತ್ತಲಿನ ಇಪ್ಪತ್ತನೆಯ ಶತಮಾನದ ಕಟ್ಟಡ, ಉದ್ಯಾನ ಮತ್ತು ಸಾಲುಮರಗಳ ಮಹತ್ವವನ್ನು ಅರಿತು, ನಿರ್ಧಾರ ಕೈಗೊಳ್ಳುವ ಮುನ್ನ ಸಂಬಂಧಿತ ಪ್ರಾಧಿಕಾರಗಳಿಂದ ಅಗತ್ಯ ಮಾಹಿತಿ ಪಡೆದು, ಅವುಗಳ ಸಂರಕ್ಷಣೆಯಲ್ಲಿ ಸಹಕರಿಸಬೇಕೆಂದು ಕೋರಲಾಗಿದೆ.